ಹುಳು ಚಂದ್ರನ ಸಾಕ್ಷಿ

ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ತಿರುಗುವ ರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಅಂಗಡಿಯ ಬೆನ್ನಿಗೆ ಶೀಟಿನ ಶೆಡ್ಡು, ಅದರಲ್ಲಿ ಪ್ರತಿ ಭಾನುವಾರ ಕ್ರೈಸ್ತರ ಪ್ರಾರ್ಥನೆ. ನಾನು ಆ ಧರ್ಮದವನಲ್ಲ. ನಿಜ ಹೇಳಬೇಕೆಂದರೆ ಯಾವ ದೇವರ ಜೊತೆಗೂ ನನ್ನ ವ್ಯವಹಾರ ಅಷ್ಟಕ್ಕಷ್ಟೇ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕಂಪ್ರೆಸರ್‌ಗೆ ಕುಂಕುಮ ಇಡುತ್ತೇನೆ, ಮುಗಿಯಿತು. ಆದರೆ ಅವರ ಮೈಕು ನನ್ನ ಗೋಡೆಯ ಕಡೆಗೇ ಮುಖ ಮಾಡಿಕೊಂಡಿದೆ. ಬೇಕೋ ಬೇಡವೋ, ಅಲ್ಲಿ ಆಡಿದ್ದೆಲ್ಲ ನನ್ನ ಕಿವಿಗೆ ಬೀಳುತ್ತದೆ. ಚಂದ್ರುವಿನ ವಿಷಯ ನನಗೆ ತಿಳಿದದ್ದು ಹಾಗೆ.

ಚಂದ್ರು ಇಲ್ಲಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ಊರು ವಕ್ಕಲೇರಿ ಕಡೆಯ ಹಳ್ಳಿ. ಶಿಫ್ಟು ಮುಗಿಸಿ ಬಂದವನು ನನ್ನ ಅಂಗಡಿಯ ಮುಂದಿನ ಟೈರಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಒಂದು ಕಾಲದಲ್ಲಿ ಇದೇ ರಸ್ತೆಯ ಚರಂಡಿಯಲ್ಲಿ ಕುಡಿದು ಬಿದ್ದಿರುತ್ತಿದ್ದವನು ಅವನು. ಪಾಸ್ಟರ್ ಜೀವರತ್ನಂ ಅವನನ್ನು ಎತ್ತಿ ಶೆಡ್ಡಿನೊಳಗೆ ಮಲಗಿಸಿ, ಕೈಕಾಲು ನಡುಗುವಾಗ ಪಕ್ಕದಲ್ಲೇ ಕೂತು, ಗಂಜಿ ಕುಡಿಸಿ, ಮನುಷ್ಯನನ್ನಾಗಿ ಮಾಡಿದರು. ನಾನು ಯಾರನ್ನೂ ಸುಮ್ಮನೆ ಹೊಗಳುವವನಲ್ಲ, ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲಾರೆ. ಆಮೇಲೆ ಸಿಮೆಂಟಿನ ತೊಟ್ಟಿಯಲ್ಲಿ ಮುಳುಗಿಸಿ ಅವನಿಗೆ ದೀಕ್ಷಾಸ್ನಾನ ಮಾಡಿಸಿದರು. ಅಂದಿನಿಂದ ಅವನು ಹೆಂಡ ಮುಟ್ಟಲಿಲ್ಲ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಹಾಡು, ಪ್ರಸಂಗ ಎಲ್ಲ ಆದ ಮೇಲೆ ಯಾರಾದರೂ ಎದ್ದು, ದೇವರು ತನ್ನನ್ನು ಹೇಗೆ ಬದಲಾಯಿಸಿದ ಎಂದು ಎಲ್ಲರ ಮುಂದೆ ಹೇಳಬೇಕು. ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ಚಂದ್ರುವಿನ ಸಾಕ್ಷಿಗೆ ಬೇಡಿಕೆ ಜಾಸ್ತಿ. ಹೊಸಬರು ಬಂದಾಗಲೆಲ್ಲ ಅವನನ್ನೇ ಎಬ್ಬಿಸುತ್ತಿದ್ದರು. ಕುಡಿತ, ಚರಂಡಿ, ನಾಯಿ ಬಾಯಿ ನೆಕ್ಕಿದ್ದು, ಪಾಸ್ಟರ್ ಎತ್ತಿದ್ದು. ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು. ಚರಂಡಿಗೆ ಬೀಳುವ ಮುಂಚೆ ಈ ಮನುಷ್ಯ ಏನಾಗಿದ್ದ ಅನ್ನುವುದು ಮಾತ್ರ ಅದರಲ್ಲಿ ಎಂದೂ ಬರುತ್ತಿರಲಿಲ್ಲ.

ಹೋದ ವರ್ಷ ಮಾವಿನ ಸುಗ್ಗಿ ಶುರುವಾಗುವ ಹೊತ್ತಿಗೆ, ಒಂದು ಭಾನುವಾರ, ವೇಮಗಲ್ ಕಡೆಯ ಒಬ್ಬ ಸಣ್ಣ ವಯಸ್ಸಿನ ಹೆಂಗಸು ಎದ್ದು ತನಗಾಗಿ ಪ್ರಾರ್ಥನೆ ಮಾಡಿ ಎಂದಳು. ಅವರ ಮನೆಯಲ್ಲಿ ರೇಷ್ಮೆಹುಳು ಸತ್ತಿದ್ದವು. ಇವಳು ಮುಟ್ಟಾದಾಗ ಹುಳುಮನೆಗೆ ಹೋಗಿದ್ದಕ್ಕೇ ಹಾಗಾಯಿತು ಎಂದು ಅತ್ತೆ ಮನೆಯಿಂದ ಆಚೆ ಹಾಕಿದ್ದಳಂತೆ. ಅವಳ ಅಳು ಮೈಕಿನಲ್ಲಿ ಕೇಳುತ್ತಿತ್ತು. ಆಮೇಲೆ ಗದ್ದಲ, ಕುರ್ಚಿ ಬಿದ್ದ ಸದ್ದು, ಚಂದ್ರುವಿನ ಧ್ವನಿ.

"ಆಯಮ್ಮನಿಗೆ ಪ್ರಾರ್ಥನೆ ಬ್ಯಾಡ. ಆಯಮ್ಮನ ಗಂಡನ್ನ ಕರ್ಕೊಂಬಂದು ಕೇಳಿ, ಔಷಧಿ ಕ್ಯಾನು ತೊಳೆದಿದ್ನಾ ಅಂತ," ಎಂದ. ಆಮೇಲೆ ಅವನು ಹೇಳಿದ್ದು ಇದು.

ಅವನ ಹಳ್ಳಿಯಲ್ಲಿ ಅವನನ್ನು ಹುಳು ಚಂದ್ರ ಎನ್ನುತ್ತಿದ್ದರು. ರೇಷ್ಮೆಯಲ್ಲಿ ಅವನ ಕೈ ಅಂಥದ್ದು. ಸುತ್ತಲಿನವರು ಹುಳುವಿಗೆ ಏನಾದರೂ ಆದರೆ ಅವನನ್ನೇ ಕರೆಯುತ್ತಿದ್ದರು. ಹೆಂಡತಿ ಸುನಂದ, ಹಾಲು ಕುಡಿಯುವ ಮಗಳು ರಂಜಿತ, ತಾಯಿ ಶ್ಯಾಮಲಮ್ಮ, ತಮ್ಮ ವೆಂಕಟ್. ಆ ಮನೆಯಲ್ಲಿ ಔಷಧಿ ಹೊಡೆಯಲು ಎರಡು ಕ್ಯಾನು: ಟೊಮೆಟೊಗೆ ಒಂದು, ಹಿಪ್ಪುನೇರಳೆಗೆ ಒಂದು. ಟೊಮೆಟೊ ಔಷಧಿಯ ಒಂದು ತೊಟ್ಟು ಸೊಪ್ಪಿಗೆ ಬಿದ್ದರೆ ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ, ಇದು ಅಲ್ಲಿನ ಮಕ್ಕಳಿಗೂ ಗೊತ್ತು. ಒಂದು ದಿನ ಸೊಪ್ಪಿನ ಕ್ಯಾನು ಸೋರುತ್ತಿತ್ತು. ವಕ್ಕಲೇರಿಯಲ್ಲಿ ಕ್ರಿಕೆಟ್ ಟೂರ್ನಮೆಂಟು, ಇವನಿಗೆ ಅವಸರ. ಟೊಮೆಟೊ ಕ್ಯಾನನ್ನೇ ಎತ್ತಿ, ತೊಳೆದಂತೆ ಒಮ್ಮೆ ಅಲ್ಲಾಡಿಸಿ, ಗೊಬ್ಬರದ ನೀರು ತುಂಬಿ ಹಿಪ್ಪುನೇರಳೆ ತೋಟಕ್ಕೆ ಹೊಡೆದು ಹೋದ.

ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಮೇಯುವ ಹೊತ್ತು. ಆ ತೋಟದ ಸೊಪ್ಪು ಹಾಕಿದ ಮೇಲೆ ತಲೆ ಮೇಲೆತ್ತಿಕೊಂಡು, ಹಸಿರು ನೀರು ಕಾರಿ, ಸುರುಟಿಕೊಂಡು ಸತ್ತವು. ತಟ್ಟೆಗಟ್ಟಲೆ ಸತ್ತವು. ಬಾಗಿಲಲ್ಲಿ ನಿಂತಾಗಲೇ ಚಂದ್ರುವಿಗೆ ಗೊತ್ತಾಯಿತು. ಬೇರೆಯವರ ಮನೆಯಲ್ಲಾಗಿದ್ದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ, ಔಷಧಿ ಹೊಡೆತ ಅಂತ.

ಸುನಂದ ಹಿಂದಿನ ದಿನದಿಂದ ಹೊರಗಾಗಿ ಜಗಲಿಯ ಮೇಲೆ ಕೂತಿದ್ದಳು. ಶ್ಯಾಮಲಮ್ಮ ಎದೆ ಬಡಿದುಕೊಂಡು ಅವಳ ಹತ್ತಿರ ಹೋದಳು. ಹೊರಗಾದ ಮೇಲೆ ಹುಳುಮನೆ ಬಾಗಿಲು ದಾಟಿದ್ದೀಯಾ ಎಂದು ಕೇಳಿದಳು. ಇಲ್ಲ ಅತ್ತೆ, ಎಂದಳು ಸುನಂದ. ಶ್ಯಾಮಲಮ್ಮ ಮಗನ ಕಡೆ ತಿರುಗಿ, ನೀನು ನೋಡಿದೆಯಾ ಎಂದಳು. ಊರಿಗೆ ಊರೇ ಅಂಗಳದಲ್ಲಿ ನೆರೆದಿತ್ತು. ಹುಳು ಚಂದ್ರ ಕ್ಯಾನು ತೊಳೆಯದೆ ತನ್ನ ಹುಳುವನ್ನೇ ಕೊಂದ ಎಂದು ಅವರ ಬಾಯಲ್ಲಿ ಕೇಳುವುದು ಅವನಿಂದಾಗಲಿಲ್ಲ.

"ಹೋಗಿದ್ಳು. ನಾನೇ ನೋಡ್ದೆ," ಎಂದ.

ಅವಳನ್ನು ಶ್ರೀನಿವಾಸಪುರದ ಆಚೆಯ ತವರಿಗೆ ಕಳಿಸಿಬಿಟ್ಟರು. ನಾಲ್ಕು ದಿನ ಆದ ಮೇಲೆ ಹೋಗಿ ಕರೆದುಕೊಂಡು ಬಂದರಾಯಿತು ಎಂದುಕೊಂಡಿದ್ದನಂತೆ. ಅಷ್ಟರಲ್ಲಿ ಇವನು ಕಳ್ಳನ ಹಾಗೆ ಆ ಕ್ಯಾನನ್ನು ಹೊತ್ತುಕೊಂಡು ಹೋಗಿ ಪಾಳು ಬಾವಿಗೆ ಎಸೆದ, ಹೊಸದು ತಂದ, ತೋಟ ಕತ್ತರಿಸಿ ಹೊಸ ಚಿಗುರು ಬರಿಸಿದ. ಮುಂದಿನ ಬೆಳೆ ಹಳ್ಳಿಯೇ ಬಾಯಿ ಬಿಟ್ಟು ನೋಡುವಂತೆ ಬಂತು. ಅವಳ ಕಥೆ ಮುಗಿದದ್ದು ಅಲ್ಲಿಗೇ. ನೋಡಿ, ಅವಳು ಹೋದಳು, ಹುಳು ಗೂಡು ಕಟ್ಟಿತು, ಇನ್ನೇನು ಪುರಾವೆ ಬೇಕು ಎಂದರು ಜನ. ಇವನ ಎಚ್ಚರಿಕೆಯೇ ಅವಳ ಕೊರಳಿಗೆ ಉರುಳಾಯಿತು. ಇವನು ಕುಡಿಯಲು ಶುರು ಮಾಡಿದ್ದು ಆ ಬೆಳೆ ಮಾರಿದ ಮೇಲೆ.

ಇಷ್ಟನ್ನೂ ಚಂದ್ರು ಮೈಕಿನಲ್ಲಿ ಹೇಳಿದ. ಆಮೇಲೆ ಯಾರೋ "ಸ್ತೋತ್ರ" ಎಂದರು. ಇನ್ಯಾರೋ "ಆಮೆನ್" ಎಂದರು. ಎಲ್ಲರೂ ಸೇರಿ ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿದ್ದ ಟ್ಯೂಬು ನೀರಿನ ತೊಟ್ಟಿಗೆ ಬಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಪ್ರಾರ್ಥನೆ ಬಿಟ್ಟ ಮೇಲೆ ಚಂದ್ರು ಬಂದು ಟೈರಿನ ಮೇಲೆ ಕೂತ. ಮುಖ ತೊಳೆದಂತಿತ್ತು. "ಹಗುರಾಯ್ತು ಕೋದಂಡಣ್ಣ," ಎಂದ.

"ಆಗ್ದೆ ಇನ್ನೇನು? ಭಾರ ಅಲ್ಲೆಲ್ಲೋ ಶ್ರೀನಿವಾಸಪುರದಾಗೆ ಹೊತ್ಕೊಂಡು ಕುಂತವಳಲ್ಲ ಒಬ್ಳು," ಎಂದೆ. "ಚಪ್ಪಾಳೆ ತಟ್ಟಿದ್ರಲ್ಲ, ಅವ್ರಲ್ಲಿ ಒಬ್ರಿಗಾದ್ರೂ ನಿನ್ ಹೆಂಡ್ತಿ ಮುಖ ಗೊತ್ತೇನಯ್ಯಾ? ಇಲ್ಲಿ ಹೇಳೋಕೆ ನಿಂಗೇನು ಖರ್ಚಾಯ್ತು?"

ಅವನ ಹಿಂದೆಯೇ ಪಾಸ್ಟರ್ ಜೀವರತ್ನಂ ಬಂದು ನಿಂತಿದ್ದರು. ಅವರು ಕೆಜಿಎಫ್ ಕಡೆಯವರು, ಕನ್ನಡದಲ್ಲಿ ತೆಲುಗು ಇಣುಕುತ್ತದೆ, ಮನುಷ್ಯ ಮೆತ್ತಗೆ. "ದೇವರು ಕ್ಷಮಿಸಿಬಿಟ್ನು ಬ್ರದರ್. ಹಳೇ ಗಾಯ ಕೆದಕಿದ್ರೆ ಆಯಮ್ಮನಿಗೂ ನೋವೇ ಕದಾ," ಎಂದರು. ಚಂದ್ರು ತಲೆಯೆತ್ತಿ, "ಅಯ್ಯಗಾರು, ದೇವರ ಮುಂದೆ ಸುನಂದನ ಮೇಲೆ ನಾನು ತಪ್ಪು ಹೊರಿಸಿಲ್ಲ. ನಮ್ಮಮ್ಮನ ಮುಂದೆ ಹೊರಿಸಿದ್ದು," ಎಂದ. ಪಾಸ್ಟರ್ ಅವನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಬೇಡ ಎನ್ನಲಿಲ್ಲ.

ಮೂಗು ತೂರಿಸಿದವನು ನಾನೇ ಆದ್ದರಿಂದ ನನ್ನ ಓಮ್ನಿಯಲ್ಲೇ ಅವನನ್ನು ಕರೆದುಕೊಂಡು ಹೋದೆ. ಶ್ರೀನಿವಾಸಪುರ ದಾಟಿ ಮಾವಿನ ತೋಪುಗಳ ನಡುವೆ ಹೋದರೆ ಸಿಗುವ ಹಳ್ಳಿ, ಎಲ್ಲರ ಬಾಯಲ್ಲೂ ತೆಲುಗು. ಹೆಂಚಿನ ಮನೆಯ ಮುಂದೆ ಒಂದು ಹುಡುಗಿ ಕಾಲೇಜಿನ ಬಟ್ಟೆ ಒಣಹಾಕುತ್ತಿದ್ದಳು. ನಮ್ಮನ್ನು ನೋಡಿ, "ಅಮ್ಮಾ, ಎವರೋ ವಚ್ಚಿನಾರು," ಯಾರೋ ಬಂದಿದ್ದಾರೆ ಎಂದು ತೆಲುಗಿನಲ್ಲಿ ಒಳಕ್ಕೆ ಕೂಗಿದಳು. ತನ್ನ ಅಪ್ಪನ ಗುರುತು ಅವಳಿಗೆ ಸಿಗಲಿಲ್ಲ. ಚಂದ್ರುವಿನ ಕಾಲು ಅಲ್ಲೇ ನಿಂತುಬಿಟ್ಟಿತು.

ಸುನಂದ ಹೊರಗೆ ಬಂದಳು. ಮಾವಿನ ಮಂಡಿಯಲ್ಲಿ ಕಾಯಿ ಆರಿಸುವ ಕೂಲಿ, ಸೊನೆ ತಾಗಿ ಕೈಯೆಲ್ಲ ಕಪ್ಪು ಕಲೆ. ಗಂಡನನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಅಷ್ಟೇ. ಚಂದ್ರು ಕೂರಲಿಲ್ಲ. ಅಂಗಳದಲ್ಲೇ ನಿಂತು ಕ್ಯಾನಿನ ವಿಷಯ, ಟೂರ್ನಮೆಂಟಿನ ವಿಷಯ, ತಾನು ಹೇಳಿದ ಸುಳ್ಳು, ಒಂದನ್ನೂ ಬಿಡದೆ ಹೇಳಿದ. ಹೇಳುತ್ತಾ ಅಳಲಿಲ್ಲ, ಅದು ನನಗೆ ಹಿಡಿಸಿತು. ಅವಳೂ ಅಳಲಿಲ್ಲ. ಬಯ್ಯಲಿಲ್ಲ. ಅವನ ಮುಖವನ್ನೇ ನೋಡುತ್ತಾ, ಮರೆತ ಹೆಸರನ್ನು ನೆನಪಿಸಿಕೊಳ್ಳುವವರ ಹಾಗೆ ಹುಬ್ಬು ಗಂಟು ಹಾಕಿಕೊಂಡು ನಿಂತಿದ್ದಳು. ಸಿಟ್ಟು ಒಳಗೇ ಕುದಿಯುತ್ತಿದೆ ಎಂದುಕೊಂಡೆ. ಕೊನೆಗೆ ನನ್ನ ಕಡೆ ತಿರುಗಿ, "ಊಟ ಮಾಡಿದ್ರಾ ಅಣ್ಣಾ?" ಎಂದು ಕೇಳಿದಳು.

ಸಿಡಿದವಳು ಮಗಳು ರಂಜಿತ. "ಸುತ್ತೂರಿನ ಜನ ರೇಷ್ಮೆ ಕೂಲಿಗೆ ಕರೀತಾರೆ, ನಮ್ಮಮ್ಮ ಹೋಗಲ್ಲ. ಯಾರದಾದ್ರೂ ಹುಳುಮನೆ ಇದ್ರೆ ಆ ಬೀದಿ ಬಿಟ್ಟು ಸುತ್ತಿ ಬರ್ತಾಳೆ. ಗೃಹಪ್ರವೇಶಕ್ಕೆ ಕರೆದ್ರೂ ಬಾಗಿಲಲ್ಲೇ ನಿಂತು ಕುಂಕುಮ ಇಸ್ಕೊಂಡು ಬರ್ತಾಳೆ. ಯಾಕೆ ಅಂದ್ರೆ ಹೇಳ್ತಿರ್ಲಿಲ್ಲ. ನೀವೇ ಏನು ಅದಕ್ಕೆ ಕಾರಣ?" ಎಂದಳು. ಚಂದ್ರು ಹೌದೆಂದು ತಲೆಯಾಡಿಸಿದ. "ಹಂಗಾದ್ರೆ ಇಲ್ಲಿ ನಮ್ಮಂಗಳದಲ್ಲಿ ಹೇಳಿ ಹೋಗೋದಲ್ಲ. ನಿಮ್ಮೂರಲ್ಲಿ, ನಿಮ್ಮಮ್ಮನ ಮುಂದೆ ಹೇಳಿ. ನಾವೂ ಬರ್ತೀವಿ. ನಮ್ಮಮ್ಮ ಕೇಳಿಸ್ಕೋಬೇಕು."

ಸುನಂದ ಬೇಡವೆಂದಳು. ಮಗಳು ಬಿಡಲಿಲ್ಲ. ನನಗೂ ಹುಡುಗಿಯ ಮಾತೇ ಸರಿ ಅನ್ನಿಸಿತು, ಹಾಗೆಂದು ಹೇಳಿಯೂಬಿಟ್ಟೆ. ಅವತ್ತು ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಹಗಲು ಹೊತ್ತಿನಲ್ಲಿ ಎಲ್ಲರೂ ಹೋದೆವು. ಶ್ಯಾಮಲಮ್ಮ ಬಾಗಿಲ ಬಳಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಈಗ ಅವಳಿರುವುದು ಕಿರಿಯ ಮಗ ವೆಂಕಟನ ಜೊತೆ. ಮನೆಯಲ್ಲಿ ಇನ್ನೂ ರೇಷ್ಮೆ ಇದೆ, ಹಿತ್ತಲಲ್ಲಿ ದೊಡ್ಡ ಹುಳುಮನೆ. ಚಂದ್ರು ಮತಾಂತರವಾದ ಮೇಲೆ ಮುದುಕಿ ಅವನನ್ನು ಒಳಗೆ ಬಿಟ್ಟಿರಲಿಲ್ಲ. ಈಗಲೂ ಬಿಡಲಿಲ್ಲ. ಅವನು ಬೀದಿಯಲ್ಲೇ ನಿಂತು ಹೇಳಬೇಕಾಯಿತು. ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ನಿಂತರು. ಒಳ್ಳೆಯದೇ ಆಯಿತು, ಅಂದು ಅಂಗಳದಲ್ಲಿ ಕೇಳಿದವರೇ ಇಂದೂ ಕೇಳಲಿ ಎಂದುಕೊಂಡೆ ನಾನು.

ಅವನು ಹೇಳಿ ಮುಗಿಸಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ವೆಂಕಟ್ ನಕ್ಕ.

"ಇದನ್ನ ಯಾವ ಪಾಸ್ಟರ್ ಹೇಳಿಕೊಟ್ನೋ? ಮುಟ್ಟು ಗಿಟ್ಟು ಏನಿಲ್ಲ, ಎಲ್ಲಾ ಸುಳ್ಳು ಅಂತ ಹೇಳ್ಸೋದೇ ಅವ್ರ ಕೆಲ್ಸ. ಮೊದ್ಲು ಇವನ್ನ ಕೆಡಿಸಿದ್ರು, ಈಗ ಊರು ಕೆಡಿಸೋಕೆ ಕಳಿಸವ್ರೆ," ಎಂದ.

"ಲೇ ವೆಂಕಟ, ಏಸಪ್ಪನ ಮೇಲಾಣೆ, ಯಾರೂ ಹೇಳ್ಕೊಟ್ಟಿಲ್ಲ ಕಣೋ," ಎಂದ ಚಂದ್ರು.

ಅಷ್ಟು ಸಾಕಾಯಿತು. ಆ ಹೆಸರು ಬಂದದ್ದೇ ಜನ ಮುಖಮುಖ ನೋಡಿಕೊಂಡರು. ದೊಡ್ಡಮುನಿಯಪ್ಪ ಎಂಬ ಹಿರಿಯರು, ಒಂದು ಕಾಲದಲ್ಲಿ ಇವನನ್ನು ಕರೆದು ತಮ್ಮ ಹುಳು ತೋರಿಸುತ್ತಿದ್ದವರು, "ನೀನು ನಮ್ಮ ದೇವರಲ್ಲಿ ನಿಂತು ಹೇಳಿದ ಮಾತನ್ನ ಈಗ ಬೇರೆ ದೇವರಲ್ಲಿ ನಿಂತು ಸುಳ್ಳು ಅಂದ್ರೆ, ನಾವು ಯಾವುದನ್ನಪ್ಪಾ ಇಟ್ಕೊಳ್ಳೋದು?" ಎಂದರು. ಅವರು ಗೇಲಿ ಮಾಡಲಿಲ್ಲ, ನಿಜವಾಗಿಯೇ ಕೇಳಿದರು. ಇವನನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದ ನಂಬಿಕೆಯೇ ಇವನ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿತ್ತು.

ಶ್ಯಾಮಲಮ್ಮ ಕಡಲೆಕಾಯಿಯ ಮೊರ ಪಕ್ಕಕ್ಕೆ ಸರಿಸಿ ಎದ್ದಳು. "ನನ್ ಮಗ ಕ್ಯಾನು ತೊಳೀದೆ ಹೊಡೆಯೋನಲ್ಲ. ಅವಳು ಹೋದ ಮೇಲೆ ಬೆಳೆ ಬಂತೋ ಇಲ್ವೋ? ಇವನ್ನ ಯಾಕೆ ಕೇಳೋದು, ಅವಳೇ ಬಂದವಳಲ್ಲ. ಏನಮ್ಮಿ ಸುನಂದ, ಆಣೆಗೀಣೆ ನಿನ್ ಗಂಡನದು ಬ್ಯಾಡ. ನಿನ್ ಮಗಳ ತಲೆ ಮೇಲೆ ಕೈಯಿಟ್ಟು ನೀನು ಹೇಳು. ಆವತ್ತು ಹುಳುಮನೆ ಒಳಕ್ಕೆ ಹೋಗಿದ್ಯಾ, ಇಲ್ವಾ?"

ರಂಜಿತ ತಾನಾಗಿಯೇ ಅಮ್ಮನ ಕೈ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು. "ಹೇಳಮ್ಮ," ಎಂದಳು. ಅವಳ ಕಣ್ಣು ಹೊಳೆಯುತ್ತಿದ್ದವು. ಇಷ್ಟು ವರ್ಷದ ಮೇಲೆ ಅಮ್ಮನ ಸರದಿ ಬಂತಲ್ಲ ಎಂಬ ಖುಷಿ ಅದು.

ಸುನಂದ ಕಣ್ಣು ಮುಚ್ಚಿಕೊಂಡಳು. ಇಲ್ಲ ಎಂಬ ಒಂದು ಮಾತಿಗೆ ಅಷ್ಟು ಹೊತ್ತು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

"ಹೋಗಿದ್ದೆ ಅತ್ತೆ," ಎಂದಳು. "ಮಂಕರಿ ತುಂಬ ಸೊಪ್ಪು ಹೊತ್ಕೊಂಡು ಹೋಗಿದ್ದೆ. ಬರೋವಾಗ ಚಿಲಕಕ್ಕೆ ಸೆರಗು ಸಿಕ್ಕಾಕ್ಕೊಂಡಿತ್ತು. ಇವರೇ ಬಿಡಿಸಿದ್ರು."

ಮುದುಕಿ ಮತ್ತೆ ಕೂತು ಕಡಲೆಕಾಯಿಗೆ ಕೈ ಹಾಕಿದಳು. ಜನ ಕರಗಿದರು. ರಂಜಿತ ಅಮ್ಮನ ಕೈಯನ್ನು ತಲೆಯಿಂದ ಕಿತ್ತು ಹಾಕಿ ಓಮ್ನಿಯ ಕಡೆ ನಡೆದುಬಿಟ್ಟಳು.

ಚಂದ್ರು ರಸ್ತೆಯ ಬದಿಯಲ್ಲೇ ಕುಸಿದು ಕೂತ. ಎಬ್ಬಿಸಲು ಹೋದ ನನ್ನ ತೋಳು ಹಿಡಿದುಕೊಂಡು, "ಆ ಸೆರಗಿನ ಮಾತು ನಾನು ಕಟ್ಟಿದ್ದು ಕೋದಂಡಣ್ಣ," ಎಂದ. ಸುಳ್ಳು ಹೇಳಿದ ದಿನ ಯಾರೋ ಅನುಮಾನಪಟ್ಟರಂತೆ. ನಂಬಲಿ ಎಂದು ಇವನೇ ಆ ಸೆರಗು, ಆ ಚಿಲಕ, ಬಿಡಿಸಿದ್ದು, ಎಲ್ಲ ಸೇರಿಸಿ ಹೇಳಿದ್ದನಂತೆ. ಶೆಡ್ಡಿನಲ್ಲಿ ಹೇಳುವಾಗಲೂ, ಸುನಂದನ ಅಂಗಳದಲ್ಲಿ ಹೇಳುವಾಗಲೂ ಅದೊಂದನ್ನು ನಾಚಿಕೆಯಿಂದ ಬಿಟ್ಟಿದ್ದ. ಅವಳು ಮಾತ್ರ ಬಿಟ್ಟಿರಲಿಲ್ಲ. ಹಿಂದಿರುಗುವಾಗ ಗಾಡಿಯಲ್ಲಿ ಅವಳು ನನಗೇ ಹೇಳಿದಳು: ಮೊದಮೊದಲು ಹೋಗಿಲ್ಲ ಎಂದು ಹಟ ಹಿಡಿದಿದ್ದಳಂತೆ, ಹೆತ್ತ ತಾಯಿಯೂ ನಂಬಲಿಲ್ಲ. ಆಮೇಲಾಮೇಲೆ ಕಣ್ಣು ಮುಚ್ಚಿದರೆ ತಾನು ಹುಳುಮನೆಗೆ ಹೋದದ್ದೇ ಕಾಣಲು ಶುರುವಾಯಿತಂತೆ. ಆ ಮನುಷ್ಯ ಅಂಗಳದಲ್ಲಿ ನಿಂತು ಹೇಳಿದ್ದನ್ನು ಎಷ್ಟು ಹೊಂದಿಸಿಕೊಂಡು ನೋಡಿದರೂ ಅವಳಿಗೆ ಕಾಣುವುದು ಆ ಬಾಗಿಲೇ.

ಈಗ ಚಂದ್ರು ಭಾನುವಾರ ಶೆಡ್ಡಿನ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಮೈಕು ಕೊಟ್ಟರೆ ಬೇಡವೆನ್ನುತ್ತಾನೆ. ನಿನಗೆ ಕ್ಷಮೆ ಸಿಕ್ಕಿದೆ, ಅದನ್ನು ನಂಬು ಬ್ರದರ್ ಎಂದು ಪಾಸ್ಟರ್ ಒಮ್ಮೆ ಹೇಳುವುದು ಕೇಳಿಸಿತು. "ಅದನ್ನ ನಾನು ಕೇಳೋದು ಬಿಟ್ಟಿದೀನಿ ಅಯ್ಯಗಾರು. ಅವಳ ಕಣ್ಣಿಂದ ಆ ಬಾಗಿಲು ತೆಗೀಲಿ ಅಂತ ಅಷ್ಟೇ ಕೇಳ್ತೀನಿ," ಎಂದ. ಪಾಸ್ಟರ್ ಅವನ ಪಕ್ಕದಲ್ಲೇ ಕೂತರು. ಕುಡಿತ ಬಿಡಿಸುವುದು ಅವರಿಗೆ ಗೊತ್ತಿತ್ತು, ಇದನ್ನು ಬಿಡಿಸುವುದಲ್ಲ.

ಪ್ರಾರ್ಥನೆ ಮುಗಿದ ಮೇಲೆ ಅವನು ಶ್ರೀನಿವಾಸಪುರದ ಬಸ್ಸು ಹತ್ತುತ್ತಾನೆ. ಮಗಳು ಅವನನ್ನು ಕಂಡರೆ ಒಳಗೆ ಹೋಗಿಬಿಡುತ್ತಾಳೆ. ಅವನು ಅಂಗಳದಲ್ಲಿ ನಿಂತು, ಆವತ್ತು ನೀನು ಜಗಲಿ ಬಿಟ್ಟು ಎದ್ದಿರಲಿಲ್ಲ, ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದೆ, ಸೆರಗಿನ ಮಾತು ನಾನು ಕಟ್ಟಿದ್ದು ಎಂದು ಹೇಳುತ್ತಾನೆ. ಅವಳು ನೀರು ಕೊಟ್ಟು, ಕೇಳಿಸಿಕೊಂಡು, ಕೆಲಸ ನೋಡಿಕೊಳ್ಳುತ್ತಾಳೆ. ಪ್ರತಿ ವಾರವೂ ಇಷ್ಟೇ. ಏನಾದರೂ ಅಂದಳೇನಯ್ಯಾ ಎಂದು ನಾನು ಕೇಳುವುದು, ಇಲ್ಲ ಎಂದು ಅವನು ತಲೆಯಾಡಿಸುವುದು.

ಮೊನ್ನೆ ಮಾತ್ರ ತಲೆಯಾಡಿಸಲಿಲ್ಲ. ಟೀ ಲೋಟ ಕೆಳಗಿಟ್ಟು ಅವಳು ಅಂದದ್ದನ್ನು ಹೇಳಿದ.

"ಒಂದು ಸಲ ನಿಮ್ಮ ಮಾತು ನಂಬಿಯೇ ನಾನು ಹಿಂಗಾಗಿರೋದು. ಇನ್ನೊಂದು ಸಲ ನಂಬು ಅಂತೀರಲ್ಲ?"

ಅವಳು ಬಯ್ದು ಹೇಳಲಿಲ್ಲವಂತೆ, ಮೆಲ್ಲಗೇ ಕೇಳಿದಳಂತೆ.